ಟಿಹುವಾನದಲ್ಲಿ ಕಡಿಮೆ ದುಡ್ಡಿಗೆ ಹೊಟ್ಟೆತುಂಬ ತಿನ್ನೋದು: ಸ್ಯಾನ್ ಡಿಯೇಗೊಗೆ ಹೊರಟಿರೋ ಕೋಲಾರದವರಿಗೆ

ಮೊದ್ಲೇ ಹೇಳ್ಬಿಡ್ತೀನಿ, ಟಿಹುವಾನ, ಅಂದ್ರೆ ಅಮೆರಿಕದ ಸ್ಯಾನ್ ಡಿಯೇಗೊ ಪಕ್ಕ ಗಡಿ ಆಚೆ ಇರೋ ಮೆಕ್ಸಿಕೊ ಊರು, ಚೀಪ್ ಅಲ್ಲ. ಕೋಲಾರದ ಲೆಕ್ಕಕ್ಕಂತೂ ಅಲ್ವೇ ಅಲ್ಲ. ರೋಡ್ ಸೈಡಲ್ಲಿ ನಿಂತ್ಕೊಂಡು ತಿನ್ನೋ ಒಂದು ಟ್ಯಾಕೊ, ಸಣ್ಣ ರೊಟ್ಟೀಲಿ ಮಾಂಸವೋ ಮೀನೋ ಇಟ್ಟು ಮಡಚಿದ್ದು, ಸುಮಾರು 35ರಿಂದ 50 ಪೆಸೊ, ಒಂದು ಪೆಸೊಗೆ ಹೆಚ್ಚುಕಮ್ಮಿ ಐದು ರೂಪಾಯಿ ಅಂತ ಇಟ್ಕೊಳಿ, ಅಂದ್ರೆ ಅಂಗೈ ಅಗಲದ ಒಂದು ಟ್ಯಾಕೊಗೆ ಇನ್ನೂರು ರೂಪಾಯಿ ಹತ್ರ ಹತ್ರ ಬಂತು, ಕ್ಲಾಕ್ ಟವರ್ ಹತ್ರ ಅಷ್ಟು ದುಡ್ಡಿಗೆ ಇಬ್ರು ಟಿಫನ್ ಮುಗಿಸಿ ಕಾಫಿನೂ ಕುಡ್ಕೊಂಡು ಬರ್ಬಹುದು. ಆದ್ರೆ ನೀವು ಅಲ್ಲಿಗೆ ಹೋಗೋದು ಕೋಲಾರದಿಂದ ಅಲ್ವಲ್ಲ, ಸ್ಯಾನ್ ಡಿಯೇಗೊದಿಂದ. ಅಲ್ಲಿ ಸಾಧಾರಣ ಹೋಟೆಲಲ್ಲಿ ಕೂತು ಟಿಪ್ಪು ಟ್ಯಾಕ್ಸು ಎಲ್ಲಾ ಸೇರಿಸಿ ಇಪ್ಪತ್ತು ಡಾಲರ್ ಕೊಟ್ಟು ಎದ್ದು ಬರೋವಾಗ ಹೊಟ್ಟೆ ಉರಿಯುತ್ತಲ್ಲ, ಆ ಹೊಟ್ಟೆಗೆ ಟಿಹುವಾನ ಔಷಧಿ.

ಇದನ್ನ ಬರೀತಿರೋದು ಯಾಕಂದ್ರೆ ಕಂಪ್ನಿ ಕೆಲ್ಸದ ಮೇಲೆ ನಾನು ಆ ಕಡೆ ಇದ್ದು ಬಂದೋನು ಅಂತ ಗೊತ್ತಾದ್ಮೇಲೆ ಶ್ರೀನಿವಾಸಪುರ, ಮಾಲೂರು, ಬಂಗಾರಪೇಟೆ ಕಡೆಯಿಂದ ಎಂಎಸ್ ಮಾಡಕ್ಕೋ ಆನ್‌ಸೈಟ್‌ಗೋ ಹೊರಡೋ ಹುಡುಗ್ರೆಲ್ಲ ಅದನ್ನೇ ಕೇಳ್ತಾರೆ, ಅಣ್ಣಾ ಬಾರ್ಡರ್ ದಾಟಿ ಹೋಗ್ಬಹುದಾ, ತಿನ್ನಕ್ಕೆ ಏನ್ ಸಿಗುತ್ತೆ, ವೆಜ್ ಇದ್ಯಾ, ಹೊಟ್ಟೆ ಕೆಡಲ್ವಾ. ಒಬ್ಬೊಬ್ರಿಗೂ ಫೋನಲ್ಲಿ ಹೇಳಿ ಸಾಕಾಗಿದೆ.

ದಾಟೋದು ಸುಲಭ. ಸ್ಯಾನ್ ಡಿಯೇಗೊ ಡೌನ್‌ಟೌನಿಂದ ಬ್ಲೂ ಲೈನ್ ಟ್ರಾಲಿ ಹತ್ತಿದ್ರೆ ಕೊನೇ ಸ್ಟಾಪೇ ಸ್ಯಾನ್ ಇಸಿದ್ರೊ, ಟಿಕೆಟ್ ಕೆಲವೇ ಡಾಲರ್, ಇಳಿದು ನಡ್ಕೊಂಡೇ ಮೆಕ್ಸಿಕೊ. ಪಾಸ್‌ಪೋರ್ಟಲ್ಲಿ ಅಮೆರಿಕ ವೀಸಾ ಚಾಲ್ತೀಲಿದ್ರೆ ಮೆಕ್ಸಿಕೊಗೆ ಬೇರೆ ವೀಸಾ ಬೇಡ. ಸ್ಟೂಡೆಂಟ್‌ಗಳು ಐ-20 (ಕಾಲೇಜು ಕೊಡೋ ಸ್ಟೂಡೆಂಟ್ ವೀಸಾ ಪೇಪರ್) ಮೇಲೆ ಕಾಲೇಜಿನವರ ಟ್ರಾವೆಲ್ ಸೈನ್ ಇದ್ಯಾ ಅಂತ ನೋಡ್ಕೊಂಡೇ ಹೊರಡಿ, ಹೋಗೋವಾಗ ಯಾರೂ ತಲೆ ಕೆಡಿಸ್ಕೊಳಲ್ಲ, ವಾಪಸ್ ಬರೋವಾಗ ಕೇಳ್ತಾರೆ.

ಈಗ ಅಸಲಿ ವಿಷ್ಯ. ಟಿಹುವಾನದಲ್ಲಿ ಎಲ್ಲಾದಕ್ಕೂ ಎರಡು ರೇಟು, ದಾಟಿ ಬಂದೋರಿಗೊಂದು, ಅಲ್ಲೇ ಇರೋರಿಗೊಂದು. ಮುಳಬಾಗ್ಲು ಕಡೆಯವರಿಗೆ ಇದನ್ನ ಬಿಡಿಸಿ ಹೇಳೋದೇ ಬೇಡ, ತಿರುಪತಿ ಹೈವೇ ಮೇಲೆ ಬಸ್ ನಿಲ್ಸೋ ಹೋಟೆಲ್ ರೇಟೇ ಬೇರೆ, ಊರೊಳಗೆ ಗಲ್ಲೀಲಿ ಪುಡಿ ಹಾಕಿ ಕೊಡೋ ದೋಸೆ ರೇಟೇ ಬೇರೆ ಅಲ್ವಾ, ಹಂಗೇ. ಯಾರೂ ಮೋಸ ಮಾಡ್ತಿಲ್ಲ, ಜಾಗ ಬೇರೆ ಅಷ್ಟೇ. ಅವೆನಿದಾ ರೆವೊಲುಸಿಯಾನ್ ಅಂತ ಮೇನ್ ರೋಡಿದೆ, ಆರ್ಚ್ ಇರೋ ಕಡೆ, ಅಲ್ಲಿ ಮೆನು ಇಂಗ್ಲಿಷಲ್ಲಿ ಇರುತ್ತೆ, ರೇಟು ಡಾಲರಲ್ಲಿ ಇರುತ್ತೆ, ಬಾಗ್ಲಲ್ಲಿ ಒಬ್ಬ ನಿಂತ್ಕೊಂಡು ಬನ್ನಿ ಬನ್ನಿ ಅಂತಾನೆ. ಈ ಮೂರೂ ಒಟ್ಟಿಗೆ ಕಂಡ್ರೆ ಮುಂದೆ ನಡೀರಿ. ಎರಡು ಮೂರು ಬೀದಿ ಆಚೆ ಹೋದ್ರೆ ಬೋರ್ಡು ಸ್ಪ್ಯಾನಿಷಲ್ಲಿ, ರೇಟು ಪೆಸೊದಲ್ಲಿ, ಕೂತಿರೋರು ಗ್ಯಾರೇಜ್ ಕೆಲ್ಸದೋರು, ಬ್ಯಾಂಕಿನೋರು, ಸ್ಕೂಲ್ ಯೂನಿಫಾರ್ಮ್ ಮಕ್ಳು. ನಿಮ್ ಊಟ ಅಲ್ಲಿದೆ.

ಡಾಲರ್ ಎಲ್ಲಾ ಕಡೆ ತಗೋತಾರೆ, ಆದ್ರೆ ಅವ್ರು ಹಾಕೋ ಲೆಕ್ಕದಲ್ಲಿ ಡಾಲರಿಗೆ ಒಂದೆರಡು ಪೆಸೊ ನಿಮ್ದು ಹೋಗುತ್ತೆ, ಚಿಲ್ರೆ ವಾಪಸ್ ಪೆಸೊದಲ್ಲಿ ಬರುತ್ತೆ, ಅಲ್ಲೂ ಒಂಚೂರು ಹೋಗುತ್ತೆ. ಬ್ಯಾಂಕ್ ಎಟಿಎಂನಲ್ಲಿ ಪೆಸೊ ತೆಗೀರಿ, ಮಷೀನು ನಮ್ ರೇಟಲ್ಲೇ ಕನ್ವರ್ಟ್ ಮಾಡ್ಲಾ ಅಂತ ಕೇಳಿದ್ರೆ ಬೇಡ ಅನ್ನಿ. ಇನ್ನೊಂದು ವಿಷ್ಯ ಅಲ್ಲಿ ಹೋಗೋ ನಮ್ಮೋರಿಗೆ ಬಹಳ ಜನಕ್ಕೆ ಗೊತ್ತಿಲ್ಲ, ಮೆಕ್ಸಿಕೊ ಪೂರ್ತಿ 16 ಪರ್ಸೆಂಟ್ ಟ್ಯಾಕ್ಸ್ ಇದ್ರೆ ಉತ್ತರದ ಗಡಿ ಊರುಗಳಲ್ಲಿ 2019ರಿಂದ 8 ಪರ್ಸೆಂಟ್ ಅಷ್ಟೇ, ಜನ ಅಮೆರಿಕ ಕಡೆ ಹೋಗಿ ಶಾಪಿಂಗ್ ಮಾಡ್ಬಾರ್ದು ಅಂತ ಸರ್ಕಾರ ಇಳಿಸಿದ್ದು. ಹಂಗಂತ ಗಡಿ ಊರು ಅಗ್ಗ ಅಂತ ಅಂದ್ಕೋಬೇಡಿ, ಅಲ್ಲಿ ಮಿನಿಮಮ್ ಕೂಲಿನೂ ಬೇರೆ ಕಡೆಗಿಂತ ಜಾಸ್ತಿ, ಬಾಡಿಗೆನೂ ಜಾಸ್ತಿ, ಸ್ಯಾನ್ ಡಿಯೇಗೊದಲ್ಲಿ ಕೆಲ್ಸ ಮಾಡಿ ಟಿಹುವಾನದಲ್ಲಿ ಮಲ್ಗೋ ಜನ ಸಿಕ್ಕಾಪಟ್ಟೆ ಇದಾರೆ.

ನನ್ ಪ್ರಕಾರ ದುಡ್ಡಿಗೆ ತಕ್ಕ ಊಟ ಅಂದ್ರೆ ಟ್ಯಾಕೊ ಅಲ್ಲ, ಕೊಮಿದಾ ಕೊರ್ರಿದಾ, ಅಂದ್ರೆ ಮಧ್ಯಾಹ್ನದ ಸೆಟ್ ಊಟ. ಫೋಂಡಾ ಅಂತಾರೆ ಸಣ್ಣ ಮನೆಯೂಟದ ಹೋಟೆಲ್ಲಿಗೆ, ನಾಲ್ಕೈದು ಟೇಬಲ್ಲು, ಒಳಗಡೆ ದೊಡ್ಡ ದೊಡ್ಡ ಪಾತ್ರೆ, ಅಡುಗೆ ಮಾಡೋದು ಸಾಮಾನ್ಯವಾಗಿ ಹೆಂಗಸ್ರು. ಮಧ್ಯಾಹ್ನ ಒಂದು ಗಂಟೆ ಮೇಲೆ ಶುರು, ಅವ್ರ ದೊಡ್ಡ ಊಟನೇ ಎರಡರಿಂದ ನಾಲ್ಕರ ಒಳಗೆ. ಮೊದ್ಲು ಒಂದು ಬಟ್ಲು ಸೂಪು, ಆಮೇಲೆ ಅನ್ನ, ಬೀನ್ಸು, ಮೂರ್ನಾಲ್ಕರಲ್ಲಿ ನೀವು ಆರಿಸ್ಕೊಂಡ ಒಂದು ಮೇನ್ ಐಟಂ, ಬಟ್ಟೆ ಸುತ್ತಿದ ಬಿಸಿ ಟೋರ್ಟಿಯಾ ಅಂದ್ರೆ ಅವ್ರ ರೊಟ್ಟಿ, ಕುಡಿಯಕ್ಕೆ ಒಂದು ಗ್ಲಾಸು ಆಗ್ವಾ ಫ್ರೆಸ್ಕಾ ಅನ್ನೋ ತಂಪು ಶರಬತ್ತು, ಎಲ್ಲಾ ಸೇರಿ ನೂರರಿಂದ ನೂರೈವತ್ತು ಪೆಸೊ. ಐದೂವರೆಯಿಂದ ಎಂಟು ಡಾಲರ್ ಒಳಗೆ ಪೂರ್ತಿ ಊಟ, ಕೂತ್ಕೊಂಡು, ಪ್ಲೇಟಲ್ಲಿ. ರಾತ್ರಿ ಎಂಟಕ್ಕೆ ಹೋಗಿ ಕೊಮಿದಾ ಕೊರ್ರಿದಾ ಕೊಡಿ ಅಂದ್ರೆ ನಗ್ತಾರೆ, ಅಷ್ಟೊತ್ತಿಗೆ ಪಾತ್ರೆ ತೊಳೆದಿಟ್ಟಿರ್ತಾರೆ. ಬೋರ್ಡಲ್ಲಿ ಅವತ್ತಿನ ಐಟಂ ಕೈಬರಹದಲ್ಲಿ ಬರೆದಿರೋ ಫೋಂಡಾ ಹುಡ್ಕಿ, ಪ್ರಿಂಟೆಡ್ ಮೆನು ಇದ್ರೆ ನನಗ್ಯಾಕೋ ಅನುಮಾನ.

ಆ ಟೋರ್ಟಿಯಾ ಬಗ್ಗೆ ಎರಡು ಮಾತು ಹೇಳ್ಲೇಬೇಕು. ಮುಸುಕಿನಜೋಳಾನ ಸುಣ್ಣದ ನೀರಲ್ಲಿ ಬೇಯ್ಸಿ, ರಾತ್ರಿಯೆಲ್ಲಾ ಹಂಗೇ ನೆನೆಯಕ್ಕೆ ಬಿಟ್ಟು, ತೊಳೆದು, ರುಬ್ಬಿ ಹಿಟ್ಟು ಮಾಡ್ತಾರೆ. ಸಾವಿರಾರು ವರ್ಷದ ಪದ್ಧತಿ. ಸುಣ್ಣದಿಂದ ಸಿಪ್ಪೆ ಸಡಿಲ ಆಗುತ್ತೆ, ಹಿಟ್ಟು ಅಂಟು ಬರುತ್ತೆ, ಜೋಳದಲ್ಲಿ ಸಿಕ್ಕಾಕೊಂಡಿರೋ ನಯಾಸಿನ್ ಅನ್ನೋ ವಿಟಮಿನ್ನು ಮೈಗೆ ಹತ್ತುತ್ತೆ. ಇದೇ ಜೋಳ ಯುರೋಪಿಗೆ ಹೋದಾಗ ಸುಣ್ಣದ ವಿದ್ಯೆ ಜೊತೆಗೆ ಹೋಗ್ಲಿಲ್ಲ, ಬರೀ ಜೋಳ ತಿಂದ್ಕೊಂಡಿದ್ದ ಬಡವ್ರಿಗೆ ಆ ವಿಟಮಿನ್ ಸಿಗದೇ ಪೆಲಾಗ್ರ ಅನ್ನೋ ಕಾಯಿಲೆ ಬಂತು. ಟಿಹುವಾನ ಉತ್ತರದಲ್ಲಿರೋದ್ರಿಂದ ಗೋಧಿ ಟೋರ್ಟಿಯಾನೂ ಕೊಡ್ತಾರೆ, ಮೈದಾದ್ದು, ಮೆತ್ತಗಿರುತ್ತೆ, ನಾನಂತೂ ಜೋಳದ್ದೇ ಕೇಳ್ತಿದ್ದೆ.

ರಾತ್ರಿ ಆದ್ರೆ ಟ್ಯಾಕೊ. ಇಲ್ಲಿ ಮಾಂಸದ ವಿಷ್ಯ ಗಮನ ಇಟ್ಕೊಳಿ, ನಮ್ ಕಡೆ ನಾನ್‌ವೆಜ್ ತಿನ್ನೋರೂ ಎಲ್ಲಾ ತಿನ್ನಲ್ಲ. ಕಾರ್ನೆ ಆಸಾದಾ ಅಂದ್ರೆ ಕೆಂಡದ ಮೇಲೆ ಸುಟ್ಟ ಬೀಫು. ಅಡೊಬಾದಾ ಹಂದಿ, ಮಸಾಲೆ ಹಚ್ಚಿ ಉದ್ದ ಕೋಲಿಗೆ ಚುಚ್ಚಿ ಬೆಂಕಿ ಮುಂದೆ ತಿರುಗಿಸಿ ಮೇಲಿಂದ ಕೆತ್ತಿ ಹಾಕ್ತಾರೆ, ಲೆಬನಾನಿಂದ ಮೆಕ್ಸಿಕೊಗೆ ವಲಸೆ ಬಂದೋರ ಶವರ್ಮಾ ಕೈಚಳಕ ಅದು, ಬೇರೆ ಊರಲ್ಲಿ ಅದಕ್ಕೆ ಅಲ್ ಪಾಸ್ಟೋರ್ ಅಂತಾರೆ. ಬಿರ್ರಿಯಾ ಅಂದ್ರೆ ಮಸಾಲೆ ಸಾರಲ್ಲಿ ಬೇಯ್ಸಿದ ಮಾಂಸ, ಮೂಲದಲ್ಲಿ ಮೇಕೆದು, ಹಾಲಿಸ್ಕೊ ರಾಜ್ಯದ್ದು, ಟಿಹುವಾನದಲ್ಲಿ ಮಾತ್ರ ಬಹುಪಾಲು ಬೀಫಲ್ಲೇ ಮಾಡೋದು, ಅದೂ ಬೆಳಗ್ಗೆ ತಿನ್ನೋ ಐಟಂ. ಕೋಳಿ ಬೇಕಂದ್ರೆ ಪೋಯೊ, ಮೀನು ಪೆಸ್ಕಾದೊ, ಸಿಗಡಿ ಕಮರೋನ್, ಬೀಫ್ ಬೇಡ ಅನ್ನೋರು ರೆಸ್ ಅನ್ನೋ ಪದ ಕೇಳಿದ್ರೆ ಬಿಟ್ಬಿಡಿ. ಬೀಫು ಹಂದಿ ಎರಡೂ ಬೇಡ ಅನ್ನೋರಿಗೆ ಬಾಹಾ (ಟಿಹುವಾನ ಇರೋ ರಾಜ್ಯ) ಕಡೆಯ ಮೀನಿನ ಟ್ಯಾಕೊ ಬೆಸ್ಟು, ಹಿಟ್ಟಲ್ಲಿ ಅದ್ದಿ ಕರಿದ ಮೀನು, ಮೇಲೆ ಸಣ್ಣಗೆ ಹೆಚ್ಚಿದ ಎಲೆಕೋಸು, ಬಿಳಿ ಸಾಸು, ನಿಂಬೆಹುಳಿ.

ಹೆಸರು ಕೇಳ್ತೀರಿ ಅಂತ ಹೇಳ್ತೀನಿ, ಸೋನಾ ರಿಯೊ ಅನ್ನೋ ಏರಿಯಾ ಕಡೆ ಟ್ಯಾಕೋಸ್ ಎಲ್ ಫ್ರಾಂಕ್ ಅಂತಿದೆ, ರಾತ್ರಿ ಹೊತ್ತು ಜನ ಜಾತ್ರೆ, ಅಡೊಬಾದಾಗೆ ಫೇಮಸ್ಸು, ಫೇಮಸ್ ಆಗಿರೋದು ಸರಿಯಾಗೇ ಇದೆ. ಲಾಸ್ ಅಹುಮಾದೆರಾಸ್ ಅನ್ನೋ ಕಡೆ ಟ್ಯಾಕೊ ಅಂಗಡಿಗಳೇ ಸಾಲಾಗಿ ನಿಂತಿವೆ, ಹೊಗೆ ನೋಡ್ಕೊಂಡೇ ಹೋಗ್ಬಹುದು. ಎಷ್ಟೋ ಕಡೆ ನೀವು ಎಷ್ಟು ತಿಂದ್ರಿ ಅಂತ ಅವ್ರು ಬರ್ಕೊಳಲ್ಲ, ತಿಂದಾದ್ಮೇಲೆ ನೀವೇ ಲೆಕ್ಕ ಹೇಳಿ ದುಡ್ಡು ಕೊಡ್ಬೇಕು, ಆ ನಂಬಿಕೆ ನಂಗೆ ಬಹಳ ಹಿಡಿಸ್ತು. ಸಾಲ್ಸಾ ಅನ್ನೋ ಖಾರದ ಚಟ್ನಿ, ಮೂಲಂಗಿ, ನಿಂಬೆಹಣ್ಣು ಎಲ್ಲಾ ಫ್ರೀ. ನಾವು ಕೋಲಾರದೋರು ಖಾರಕ್ಕೆ ಹೆದರ್ತೀವಾ ಅಂತ ಸೌಟು ಸೌಟು ಸುರ್ಕೋಬೇಡಿ, ಕಿತ್ತಳೆ ಬಣ್ಣದ್ದಿದ್ರೆ ಹಬನೆರೊ ಮೆಣಸಿನಕಾಯಿ ಇರ್ಬಹುದು, ಗುಂಟೂರು ಮೆಣಸಿನಕಾಯಿಗೂ ಮೇಲಿಂದು. ಮೆಣಸಿನಕಾಯಿ ಟೊಮ್ಯಾಟೊ ಎರಡೂ ಮೂಲದಲ್ಲಿ ಆ ಕಡೆ ಖಂಡದ್ದೇ ಮಾರಾಯ್ರೆ, ಪೋರ್ಚುಗೀಸರು ಬರೋ ಮುಂಚೆ ನಮ್ ಸಾರಲ್ಲಿ ಎರಡೂ ಇರ್ಲಿಲ್ಲ, ಈಗ ನೋಡಿದ್ರೆ ನಮ್ ಎಪಿಎಂಸಿಯಿಂದ ದೇಶಕ್ಕೆಲ್ಲಾ ಟೊಮ್ಯಾಟೊ ಲೋಡ್ ಹೋಗುತ್ತೆ.

ವೆಜ್‌ನೋರಿಗೆ ನೇರವಾಗಿ ಹೇಳ್ತೀನಿ, ಕಷ್ಟ ಇದೆ, ಆದ್ರೆ ಉಪವಾಸ ಬೀಳಲ್ಲ. ತರಕಾರಿ ಅನ್ಕೊಂಡು ತಿನ್ನೋದ್ರಲ್ಲೇ ಮಾಂಸ ಅಡಗಿರುತ್ತೆ, ಬೀನ್ಸ್ ಒಗ್ಗರಣೆಗೆ ಹಂದಿ ಕೊಬ್ಬು, ಅನ್ನ ಬೇಯ್ಸೋದು ಕೋಳಿ ಸ್ಟಾಕಲ್ಲಿ, ಮೈದಾ ಟೋರ್ಟಿಯಾಲೂ ಎಷ್ಟೋ ಸಲ ಕೊಬ್ಬು. ಸಿನ್ ಕಾರ್ನೆ, ಅಂದ್ರೆ ಮಾಂಸ ಬೇಡ, ಅಂತ ಹೇಳಿದ್ರೆ ಸಾಲಲ್ಲ, ಅವ್ರು ಮಾಂಸದ ತುಂಡು ತೆಗೆದು ಅದೇ ಸಾರು ಕೊಡ್ತಾರೆ, ಸಿನ್ ಮಾಂತೆಕಾ ಅಂತ ಕೊಬ್ಬಿನ ವಿಷ್ಯನೂ, ಸಿನ್ ಕಾಲ್ದೊ ದೆ ಪೋಯೊ ಅಂತ ಕೋಳಿ ನೀರಿನ ವಿಷ್ಯನೂ ಬಿಡಿಸಿ ಕೇಳಿ. ಜೋಳದ ಟೋರ್ಟಿಯಾ ಒಳಗೆ ಚೀಸು, ಕುಂಬಳ ಹೂವು, ಅಣಬೆ, ಸುಟ್ಟ ಮೆಣಸಿನಕಾಯಿ ಹಾಕಿದ ಕೆಸಾಡಿಯಾ ಸಿಗುತ್ತೆ, ಮೊದ್ಲ ಆಯ್ಕೆ ಅದೇ ಇರ್ಲಿ. ನೊಪಾಲ್ ಬಿಡಬೇಡಿ. ಅದು ಪಾಪಾಸುಕಳ್ಳಿ ಕಣ್ರೀ, ನಮ್ ಹೊಲದ ಬೇಲೀಲಿ ಬೆಳೆದು ಮುಳ್ಳು ಚುಚ್ಚೋದು, ಅದರ ಎಳೇ ಪಟ್ಟಿ ಮುಳ್ಳು ಹೆರೆದು ಹೆಚ್ಚಿ ಪಲ್ಯ ಮಾಡ್ತಾರೆ, ಸ್ವಲ್ಪ ಲೋಳೆ ಸ್ವಲ್ಪ ಹುಳಿ. ಮೆಕ್ಸಿಕೊ ಬಾವುಟದಲ್ಲಿ ಹದ್ದು ಕೂತಿರೋದೂ ಇದೇ ಕಳ್ಳಿ ಮೇಲೆ. ಊರಿಗೆ ಬಂದು ಇದನ್ನ ಹೇಳಿದ್ರೆ ನಮ್ ಅಮ್ಮ ನಂಬ್ಲೇ ಇಲ್ಲ, ಮಾಡ್ಕೊಡ್ತೀನಿ ಅಂದ್ರೆ ಅಡುಗೆಮನೆಗೆ ಬಿಡ್ಲೂ ಇಲ್ಲ.

ಬೀದೀಲಿ ಎಲೋತೆ ಅಂತ ಜೋಳದ ತೆನೆ ಮಾರ್ತಾರೆ, ಮೇಯನೇಸು, ಉದುರು ಚೀಸು, ಖಾರದಪುಡಿ, ನಿಂಬೆ. ಮೇಯನೇಸಲ್ಲಿ ಮೊಟ್ಟೆ ಇರುತ್ತೆ, ನೋಡ್ಕೊಳಿ.

ಮೆರ್ಕಾದೊ ಇದಾಲ್ಗೊ ಮಾರ್ಕೆಟ್ಟಿಗೆ ಮಾತ್ರ ಹೊಟ್ಟೇಲಿ ಜಾಗ ಇಟ್ಕೊಂಡೇ ಹೋಗಿ, ಸೋನಾ ರಿಯೊದಲ್ಲೇ ಇದೆ. ಒಣಮೆಣಸಿನಕಾಯಿ ಮೂಟೆ ಮೂಟೆ, ಚೀಸು, ಮೋಲೆ ಅನ್ನೋ ಗ್ರೇವಿಗೆ ಹಾಕೋ ಮಸಾಲೆ ಗುಡ್ಡ ಗುಡ್ಡ, ಹಣ್ಣು, ಹುಣಸೇಹಣ್ಣಿನ ಮಿಠಾಯಿ. ಹುಣಸೇಹಣ್ಣಿಗೆ ಉಪ್ಪು ಖಾರ ಸಕ್ಕರೆ ಕಲ್ಸಿ ಉಂಡೆ ಕಟ್ಟಿರ್ತಾರೆ, ಶ್ರೀನಿವಾಸಪುರದೋರಿಗೆ ಮಾವಿನಕಾಯಿ ಹೋಳುಗಳಿಗೆ ಖಾರದಪುಡಿ ಹಚ್ಚಿ ಕೊಟ್ರೆ ಬಾಯಲ್ಲಿ ನೀರು ಬರುತ್ತಲ್ಲ, ಅಲ್ಲೂ ಅದೇ ಅಭ್ಯಾಸ, ಕಪ್ಪಲ್ಲಿ ಮಾವು ಹೆಚ್ಚಿ ನಿಂಬೆ ಹಿಂಡಿ ಖಾರ ಉದುರಿಸ್ತಾರೆ. ಅವ್ರ ಮಾವು ಅವ್ರದ್ದಲ್ಲ, ಏಷ್ಯಾದಿಂದ ಹೋಗಿದ್ದು. 1565ರಿಂದ 1815ರವರೆಗೆ ಫಿಲಿಪೀನ್ಸಿನ ಮನಿಲಾಕ್ಕೂ ಮೆಕ್ಸಿಕೊದ ಅಕಾಪುಲ್ಕೊಗೂ ಸ್ಪೇನಿನ ವ್ಯಾಪಾರದ ಹಡಗು ಓಡಾಡ್ತಿದ್ವು, ಅಲ್ಲಿ ಇವತ್ತಿಗೂ ಒಂದು ಮಾವಿನ ಜಾತಿಗೆ ಮನಿಲಾ ಅಂತಾನೇ ಹೆಸರು. ರುಚಿ? ಪರ್ವಾಗಿಲ್ಲ. ಬಾದಾಮಿ ಮಾವು ತಿಂದು ಬೆಳೆದ ನಾಲಿಗೆಗೆ ಪರ್ವಾಗಿಲ್ಲ ಅಷ್ಟೇ.

ಕುಡಿಯಕ್ಕೆ ಓರ್ಚಾತಾ, ಅಕ್ಕಿ ನೆನೆಸಿ ರುಬ್ಬಿ ಚಕ್ಕೆ ಸಕ್ಕರೆ ಹಾಕಿದ ತಂಪು ಪಾನೀಯ, ಸಿಹಿ ಜಾಸ್ತಿ. ಹಮೈಕಾ ಅನ್ನೋ ಕೆಂಪು ಹೂವಿನ ನೀರು ನಂಗಿಷ್ಟ. ನಲ್ಲಿ ನೀರು ಕುಡೀಬೇಡಿ, ಅಲ್ಲಿಯೋರೂ ಕುಡಿಯಲ್ಲ, ಕ್ಯಾನ್ ನೀರೇ. ಜನ ಇಲ್ದಿರೋ ಗಾಡೀಲಿ ತಿನ್ಬೇಡಿ.

ಸೀಸರ್ ಸಲಾಡ್ ಬಗ್ಗೆನೂ ಕೇಳ್ತಾರೆ. ಹೌದು, ಅದು ಹುಟ್ಟಿದ್ದು ಇಟಲಿಯಲ್ಲಲ್ಲ, ಟಿಹುವಾನದಲ್ಲೇ, 1924ರಲ್ಲಿ. ಅಮೆರಿಕದಲ್ಲಿ ಹೆಂಡ ಬ್ಯಾನ್ ಆಗಿದ್ದ ಕಾಲ, ಕುಡಿಯಕ್ಕೆ ಜನ ಬಾರ್ಡರ್ ದಾಟಿ ಬರ್ತಿದ್ರು, ಸೀಸರ್ ಕಾರ್ದಿನಿ ಅನ್ನೋ ಇಟಲಿಯಿಂದ ಬಂದೋನು ಅಲ್ಲಿ ಹೋಟೆಲ್ ನಡೆಸ್ತಿದ್ದ, ಅವನೇ ಮಾಡಿದ್ದು ಅಂತ ಬಹಳ ಜನ ಒಪ್ಪೋ ಕಥೆ. ಸೀಸರ್ಸ್ ಹೋಟೆಲ್ಲು ರೆವೊಲುಸಿಯಾನ್ ರೋಡಲ್ಲಿ ಇವತ್ತಿಗೂ ಇದೆ, ನಿಮ್ ಟೇಬಲ್ ಪಕ್ಕಕ್ಕೇ ತಳ್ಳೋ ಗಾಡಿ ತಂದು ಮರದ ಬಟ್ಲಲ್ಲಿ ಕಲ್ಸಿ ಕೊಡ್ತಾರೆ, ನೋಡಕ್ಕೆ ಚೆನ್ನಾಗಿದೆ. ಸಲಾಡ್ ಅಂತ ವೆಜ್‌ನೋರು ಕಣ್ಮುಚ್ಕೊಂಡು ತಿನ್ಬೇಡಿ, ಹಸಿ ಮೊಟ್ಟೆ, ಸಣ್ಣ ಮೀನು ಎರಡೂ ಬೀಳುತ್ತೆ. ಒಂದು ಸೊಪ್ಪಿನ ತಟ್ಟೆ ದುಡ್ಡಲ್ಲಿ ಫೋಂಡಾದಲ್ಲಿ ಪೂರ್ತಿ ಊಟ ಬರುತ್ತೆ, ಹಿಸ್ಟರಿ ಮೇಲೆ ಆಸೆ ಇದ್ರೆ ಮಾತ್ರ ಹೋಗಿ.

ವಾಪಸ್ ಬರೋ ಕ್ಯೂ ಬಗ್ಗೆ ಹೇಳ್ದೆ ಬಿಟ್ರೆ ನೀವು ನನ್ನ ಬೈತೀರಿ. ಸ್ಯಾನ್ ಇಸಿದ್ರೊ ಪ್ರಪಂಚದಲ್ಲೇ ಅತಿ ಹೆಚ್ಚು ಜನ ದಾಟೋ ಗಡಿಗಳಲ್ಲಿ ಒಂದು, ಶನಿವಾರ ಭಾನುವಾರ ಸಂಜೆ ನಡ್ಕೊಂಡು ಬರೋ ಲೈನೇ ಎರಡು ಮೂರು ಗಂಟೆ ಹಿಡೀಬಹುದು, ಅಂಥ ದಿನ ಉಳಿಸಿದ ಹತ್ತು ಡಾಲರ್ ಅಲ್ಲೇ ಕಾಲುನೋವಲ್ಲಿ ಹೋಯ್ತು ಅಂದ್ಕೊಳಿ. ವಾರದ ಮಧ್ಯೆ ರಜಾ ಸಿಕ್ರೆ ಅವತ್ತೇ ಹೋಗಿ, ಮಧ್ಯಾಹ್ನ ಫೋಂಡಾ, ಆಮೇಲೆ ಮಾರ್ಕೆಟ್ಟು, ಕತ್ಲಾದ್ಮೇಲೆ ಟ್ಯಾಕೊ, ಎಲ್ಲಾ ಸೇರಿ ಹದಿನೈದು ಇಪ್ಪತ್ತು ಡಾಲರಲ್ಲಿ ದಿನ ಮುಗಿಯುತ್ತೆ. ಕೊನೇ ಟ್ರಾಲಿ ಟೈಮ್ ಮೊದ್ಲೇ ನೋಡಿಟ್ಕೊಳಿ. ಮಾರ್ಕೆಟ್ಟಲ್ಲಿ ತಗೊಂಡ ಹಸಿ ಹಣ್ಣು, ಮಾಂಸ ಬ್ಯಾಗಲ್ಲಿ ಇಟ್ಕೊಂಡು ಸುಮ್ನೆ ಬರ್ಬೇಡಿ, ಕಸ್ಟಮ್ಸಲ್ಲಿ ಡಿಕ್ಲೇರ್ ಮಾಡ್ದೇ ಸಿಕ್ಕಾಕೊಂಡ್ರೆ ದಂಡ, ಹುಣಸೇ ಮಿಠಾಯಿ ಪ್ಯಾಕೆಟ್ಟು ಇದೆ ಅಂತ ಹೇಳಿದ್ರೆ ನಂಗ್ಯಾರೂ ಏನೂ ಅಂದಿಲ್ಲ.