ತೀರ್ಥಹಳ್ಳಿ ಕಡೆಯ ಹೋಂಸ್ಟೇ: ಕಡುಬು ಸೂಪರ್, ಹೊಂಡ ಬೇಡ

ಜನವರಿಯಲ್ಲಿ ಎರಡು ರಾತ್ರಿ ಇದ್ದೆವು. ಕಡುಬು, ಕಾಯಿಚಟ್ನಿಗೆ ಪೂರ್ತಿ ಮಾರ್ಕು. ಆದರೆ ಮಕ್ಕಳನ್ನು ತೋಟದ ಹಿಂದಿನ ಕಾಡಿಗೆ ಬರಿಗಾಲಲ್ಲೇ ಕರೆದೊಯ್ದರು. ಮಂಗನ ಕಾಯಿಲೆಯ ಕಾಲ ಅದು, ಅಲ್ವಾ? 1957ರಲ್ಲಿ ಇದೇ ಜಿಲ್ಲೆಯ ಕ್ಯಾಸನೂರು ಕಾಡಲ್ಲಿ ಪತ್ತೆಯಾದದ್ದು. ಮಂಗ ಸತ್ತ ಕಡೆ ಸೋಂಕಿನ ಉಣುಗು ಉದುರಿರುತ್ತದೆ, ಕಾಯಿಲೆ ಹಚ್ಚೋದು ಅದೇ. ಉಣುಗು ಕಚ್ಚದ ಹಾಗೆ ಮೈಗೆ ಹಚ್ಚೋ ಡೇಪಾ ಎಣ್ಣೆ ಇದೆಯಾ ಅಂದರೆ ಓನರ್ ಸುಮ್ನೆ ನಕ್ಕರು.

ಸಂಜೆ ಮಗಳ ಮೊಣಕಾಲ ಹಿಂದೆ ಒಂದು ಉಣುಗು! ಚಿಮುಟದಲ್ಲಿ ಕಿತ್ತು, ಸೋಪು ಹಾಕಿ ತೊಳೆದೆ. ಎರಡು ವಾರ ದಿನಾ ಜ್ವರ ನೋಡಿದೆ. ಏನೂ ಆಗಲಿಲ್ಲ, ಪುಣ್ಯ.

ಗದ್ದೆ ಪಕ್ಕದ ಹೊಂಡಕ್ಕೆ 'ಕಿಡ್ಸ್ ಪೂಲ್' ಅಂತ ಬೋರ್ಡು. ಇಲಿ ಉಚ್ಚೆ ಸೇರಿದ ನೀರು ಗಾಯಕ್ಕೆ ತಾಗಿದರೆ ಇಲಿಜ್ವರ ಬರಬಹುದು. ಮಗನ ಮಂಡಿ ತರಚಿತ್ತು, ಇಳಿಸಲಿಲ್ಲ. ಇನ್ನೂ ಮುನಿಸಿಕೊಂಡಿದ್ದಾನೆ.

ಐದಕ್ಕೆ ಎರಡು ಸ್ಟಾರ್. ಎರಡೂ ಕಡುಬಿಗೆ.