ಒಂದೇ ಹೊಳ್ಳೆ ನೋಯ್ತಿದ್ರೆ ನೆಗಡಿ ಅಂತ ಸುಮ್ಮನಿರಬೇಡಿ

ಚಿಕ್ಕ ಮಕ್ಕಳಿರುವವರು ಇದನ್ನು ಓದಿ. ಮಗು ಮೂಗುನೋವು ಅಂತ ಅಳುತ್ತಿದೆ, ಒಂದೇ ಹೊಳ್ಳೆ ಸೋರುತ್ತಿದೆ, ಕೆಟ್ಟ ವಾಸನೆ ಬೇರೆ ಇದೆ ಅಂದರೆ ಅದು ಬರೀ ನೆಗಡಿ ಅಂತ ಯಾರು ಹೇಳಿದರೂ ಒಪ್ಪಬೇಡಿ. ನೆಗಡಿಯಾದರೆ ಸಾಮಾನ್ಯವಾಗಿ ಎರಡೂ ಕಡೆ ಸೋರುತ್ತದೆ, ಅಲ್ವಾ? ಒಂದೇ ಕಡೆ ಅಂದರೆ ಒಳಗೆ ಏನಾದರೂ ಸಿಕ್ಕಿಕೊಂಡಿರಬಹುದು.

ನಮ್ಮ ಮೂರು ವರ್ಷದ ಮಗಳು ಬೆಳಿಗ್ಗೆಯಿಂದ ಮೂಗು ಮುಟ್ಟಲು ಬಿಡುತ್ತಿರಲಿಲ್ಲ. ಎಡಗಡೆಯಿಂದ ರಕ್ತ ಬೆರೆತ ಕಂದು ನೀರು, ಹೊಳ್ಳೆಯ ಅಂಚೆಲ್ಲ ಕೆಂಪು. ಹತ್ತಿರದ ಕ್ಲಿನಿಕ್‌ಗೆ ಹೋದೆವು. ಒಂದೇ ಕಡೆ ಬರ್ತಿದೆ ಅಂತ ಒತ್ತಿ ಹೇಳಿದೆ. ಟಾರ್ಚ್ ಬಿಟ್ಟು ಒಳಗೆ ನೋಡುವ ಗೋಜಿಗೂ ಹೋಗದೆ, ಮಕ್ಕಳು ಬೆರಳು ಹಾಕ್ತಾವೆ, ಗಾಯ ಆಗಿರುತ್ತೆ ಅಂದು ಉಪ್ಪುನೀರಿನ ಡ್ರಾಪ್ಸ್ ಬರೆದು ಕಳಿಸಿದರು. ಹನಿ ಬಿಟ್ಟ ಮೇಲೆ ಅವಳ ಕಿರುಚಾಟ ಇನ್ನೂ ಜಾಸ್ತಿಯಾಯಿತು. ರಾತ್ರಿ ಇಎನ್‌ಟಿ ಡಾಕ್ಟರ್ ಹತ್ತಿರ ಓಡಿದೆವು. ಎಕ್ಸ್‌ರೇಯಲ್ಲಿ ಒಂದು ಗುಂಡು ಬಿಲ್ಲೆ, ಅಂಚಿನ ಒಳಗೆ ಇನ್ನೊಂದು ಉಂಗುರ. ಆಟಿಕೆಯ ಬಟನ್ ಬ್ಯಾಟರಿ! ಅರಿವಳಿಕೆ ಕೊಟ್ಟು ತೆಗೆದರು. ಎರಡು ಹೊಳ್ಳೆಗಳ ಮಧ್ಯದ ನಡುಗೋಡೆ ಸುಟ್ಟಿದೆ, ತೂತು ಆಮೇಲೂ ಬೀಳಬಹುದಂತೆ, ಆಗಾಗ ತೋರಿಸುತ್ತಿದ್ದೇವೆ.

ಬ್ಯಾಟರಿ ಒಡೆದು ಸೋರಿದರೆ ಮಾತ್ರ ಅಪಾಯ ಅಂತ ತುಂಬಾ ಜನ ತಿಳಿದಿರುತ್ತಾರೆ. ಹಾಗಲ್ಲ. ಮೂಗಿನ ಒದ್ದೆ ತಗುಲಿದರೆ ಸಾಕು, ಕರೆಂಟ್ ಹರಿಯುತ್ತದೆ, ಮೈನಸ್ ಕಡೆ ಕಾಸ್ಟಿಕ್ ಸೋಡಾದಂಥ ಕ್ಷಾರ ಹುಟ್ಟಿ ಚರ್ಮವನ್ನು ಸುಡುತ್ತದೆ, ಕೆಲವೇ ಗಂಟೆಗಳಲ್ಲಿ ನಡುಗೋಡೆಯೇ ತೂತಾಗಬಹುದು. ಆಟಿಕೆ ಓಡಿಸಲಾಗದ ಹಳೇ ಬ್ಯಾಟರಿಗೂ ಇಷ್ಟು ಕೆಲಸಕ್ಕೆ ಶಕ್ತಿ ಉಳಿದಿರುತ್ತದೆ. ಉಪ್ಪುನೀರು ಬಿದ್ದರಂತೂ ಕರೆಂಟಿಗೆ ದಾರಿ ಮಾಡಿಕೊಟ್ಟಂತೆ. ಆ ಚೀಟಿ ನೆನೆದರೆ ಈಗಲೂ ಮೈ ಉರಿಯುತ್ತದೆ.

ಬ್ಯಾಟರಿ ಅಂತ ಅನುಮಾನ ಬಂದರೆ ಹನಿ ಬೇಡ, ಚಿಮಟ ಬೇಡ, ಇಯರ್‌ಬಡ್ ಬೇಡ, ನೇರ ಎಮರ್ಜೆನ್ಸಿಗೆ ಹೋಗಿ. ಮಣಿ, ಕಾಳು, ಸ್ಪಂಜಿನ ಚೂರು ಸಿಕ್ಕಿದ್ದರೂ ಡಾಕ್ಟರ್ ಕೈಯಲ್ಲೇ ತೆಗೆಸಿ. ಮನೆಯಲ್ಲಿ ಕೆದಕಿದರೆ ಇನ್ನೂ ಒಳಗೆ ಹೋಗುತ್ತದೆ. ಒಂದೊಂದು ಹೊಳ್ಳೆಗೆ ಒಂದೊಂದು ಮ್ಯಾಗ್ನೆಟ್ ಹಾಕಿಕೊಂಡಿದ್ದರೆ ಅದೂ ಬ್ಯಾಟರಿಯಷ್ಟೇ ತುರ್ತು, ನಡುಗೋಡೆಯನ್ನು ಎರಡೂ ಕಡೆಯಿಂದ ಹಿಚುಕಿ ಹಿಡಿಯುತ್ತವೆ.

ಹಾಗಂತ ಎಲ್ಲ ಮೂಗುನೋವೂ ಇದೇ ಅಲ್ಲ. ಸಿಂಬಳ ಒರೆಸಿ ಒರೆಸಿ ಸುಲಿದಿರುತ್ತದೆ, ಒಣಗಾಳಿಗೆ ಬಿರಿದಿರುತ್ತದೆ, ಕೆರೆದುಕೊಂಡು ಹಕ್ಕಳೆ ಕಟ್ಟಿರುತ್ತದೆ. ಹೊಳ್ಳೆಯ ಬಾಯಲ್ಲಿ ಕುರು ಎದ್ದಿದ್ದರೆ ಮಾತ್ರ ದಯವಿಟ್ಟು ಹಿಚುಕಬೇಡಿ, ಅಲ್ಲಿಯ ಸೋಂಕು ಅಪರೂಪಕ್ಕೆ ಮೆದುಳಿನ ಕಡೆಗೂ ಹರಡುತ್ತದೆ.

ಇನ್ನೊಂದು, ಬಿದ್ದ ಪೆಟ್ಟು. ಮೂಗಿಗೆ ಏಟಾದ ಮೇಲೆ ಉಸಿರು ಕಟ್ಟಿ, ನೋವು ಏರುತ್ತಲೇ ಹೋಗಿ, ಒಳಗೆ ನಡುಗೋಡೆ ಮೆತ್ತಗೆ ಊದಿದ್ದರೆ ಅಲ್ಲಿ ರಕ್ತ ಕಟ್ಟಿರಬಹುದು. ಅದನ್ನು ಬೇಗ ಹೊರಗೆ ತೆಗೆಯದಿದ್ದರೆ ಮೆದು ಮೂಳೆ ಸತ್ತು ಮೂಗೇ ಕುಸಿಯುತ್ತದೆ. ಅದೇ ದಿನ ತೋರಿಸಿ. ಮೂಳೆ ಮುರಿದಿಲ್ಲ ಅಂತ ಎಕ್ಸ್‌ರೇ ನೋಡಿ ಕಳಿಸಿದರೆ ಎದ್ದು ಬರಬೇಡಿ, ಒಳಗೆ ಬೆಳಕು ಬಿಟ್ಟು ನೋಡಿ ಅಂತ ಕೇಳಿ. ಈ ಊತ ಎಕ್ಸ್‌ರೇಯಲ್ಲಿ ಕಾಣುವುದಿಲ್ಲ.