ಕೋವಿಡ್ ಕಾಲದಲ್ಲಿ ಮನೆಯ ನಾಲ್ವರ ತೆರಿಗೆ ರಿಟರ್ನ್: ಶಿವಮೊಗ್ಗದ ಒಂದು ಆಡಿಟರ್ ಕಚೇರಿಯ ಸೇವೆ ಹೇಗಿತ್ತು

ಶಿವಮೊಗ್ಗದಲ್ಲಿ ನಮ್ಮ ಮನೆಯ ನಾಲ್ವರ ಆದಾಯ ತೆರಿಗೆ ರಿಟರ್ನ್‌ಗಳನ್ನು 2020 ಮತ್ತು 2021ರಲ್ಲಿ ಸಿದ್ಧಪಡಿಸಿಕೊಟ್ಟ ಆಡಿಟರ್ ಕಚೇರಿಯ ಸೇವೆಯ ಬಗ್ಗೆ ಈ ವಿಮರ್ಶೆಯನ್ನು ಬರೆಯುತ್ತಿದ್ದೇನೆ. ತಮ್ಮ ಹೆಸರನ್ನು ಎಲ್ಲಿಯೂ ಬರೆಯುವುದು ಬೇಡವೆಂದು ಅವರು ಕೇಳಿಕೊಂಡಿದ್ದರಿಂದ ಹೆಸರು ಕೊಟ್ಟಿಲ್ಲ. ಆದರೂ, ಪಿಂಚಣಿ, ಠೇವಣಿಯ ಬಡ್ಡಿ, ತೋಟದ ಉತ್ಪನ್ನ, ಸಂಬಳ ಎಲ್ಲವೂ ಒಂದೇ ಮನೆಯಲ್ಲಿ ಸೇರಿರುವ ಕುಟುಂಬಗಳು ಮಲೆನಾಡಿನಲ್ಲಿ ಬೇಕಾದಷ್ಟಿವೆ. ಇಂತಹ ಸೇವೆಯಲ್ಲಿ ಯಾವುದಕ್ಕೆ ಹಣ ಕೊಡುವುದು ಸಾರ್ಥಕ ಎಂಬುದು ಅವರಿಗೆ ತಿಳಿದರೆ ಒಳ್ಳೆಯದು ಎನಿಸಿತು. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ: ಫಾರಂ ತುಂಬುವುದು ಈ ಕೆಲಸದ ಸಣ್ಣ ಭಾಗ, ಸರಿಯಾದ ಪ್ರಶ್ನೆಗಳನ್ನು ಕೇಳುವುದು ದೊಡ್ಡ ಭಾಗ. ಎದುರುಬದುರು ಕೂರುವುದಕ್ಕೇ ಆಗದಿದ್ದ ಆ ದಿನಗಳಲ್ಲಿ ಇವರು ಆ ದೊಡ್ಡ ಭಾಗವನ್ನು ಫೋನಿನಲ್ಲಿಯೇ ಕೊರತೆಯಿಲ್ಲದೆ ನಿಭಾಯಿಸಿದರು.

ಅಪ್ಪ ನಿವೃತ್ತ ಪ್ರೌಢಶಾಲಾ ಶಿಕ್ಷಕರು. ಅವರಿಗೆ ಪಿಂಚಣಿಯ ಜೊತೆಗೆ ತೀರ್ಥಹಳ್ಳಿ ಕಡೆ ಅಡಿಕೆ ತೋಟವಿದೆ. ಅಮ್ಮನ ಹೆಸರಿನಲ್ಲಿ ಬ್ಯಾಂಕ್ ಠೇವಣಿಗಳಿವೆ. ಎಂಬತ್ತು ದಾಟಿದ ಅಜ್ಜಿಗೆ ಕುಟುಂಬ ಪಿಂಚಣಿ ಬರುತ್ತದೆ. ನಾನು ಬೆಂಗಳೂರಿನಲ್ಲಿ ಕೆಲಸದಲ್ಲಿದ್ದು, 2020ರ ಮಾರ್ಚ್‌ನ ಲಾಕ್‌ಡೌನ್ ಹೊತ್ತಿಗೆ ಊರಿಗೆ ಬಂದು ಮನೆಯಿಂದಲೇ ಕೆಲಸ ಮಾಡತೊಡಗಿದ್ದೆ. ಅದಕ್ಕೂ ಹಿಂದಿನ ವರ್ಷಗಳಲ್ಲಿ ಹಿರಿಯರ ರಿಟರ್ನ್‌ಗಳನ್ನು ಒಂದು ಸೈಬರ್ ಸೆಂಟರ್‌ನಲ್ಲಿ ಮಾಡಿಸುತ್ತಿದ್ದರು. ಲಾಕ್‌ಡೌನಿನಲ್ಲಿ ಅದು ಬಾಗಿಲು ಹಾಕಿದ ಮೇಲೆ, ಪರಿಚಿತರೊಬ್ಬರು ಹೇಳಿದ ಈ ಕಚೇರಿಗೆ ಫೋನ್ ಮಾಡಿದೆವು.

ಆ ವರ್ಷ ಗಡುವುಗಳೆಲ್ಲ ಮುಂದಕ್ಕೆ ಹೋಗುತ್ತಿದ್ದವು. 2019-20ರ ಆರ್ಥಿಕ ವರ್ಷದ ರಿಟರ್ನ್‌ಗೆ ಜುಲೈ 31ರ ಬದಲು ನವೆಂಬರ್ 30 ಎಂದಾಯಿತು, ಬಳಿಕ ಡಿಸೆಂಬರ್ 31 ಎಂದಾಯಿತು, ಕೊನೆಗೆ 2021ರ ಜನವರಿ 10ಕ್ಕೆ ಬಂದು ನಿಂತಿತು. ಸಂಬಳ ಮತ್ತು ಅದರಿಂದ ಕಡಿತವಾದ ತೆರಿಗೆಯ ವಿವರವಿರುವ ಫಾರ್ಮ್ 16 ಕೊಡಲು ಉದ್ಯೋಗದಾತರಿಗೆ ಆಗಸ್ಟ್ 15ರವರೆಗೆ ಕಾಲಾವಕಾಶ ಸಿಕ್ಕಿತ್ತು. ಇಷ್ಟು ಸಮಯವಿದೆ, ನಿಧಾನವಾಗಿ ಕೊಡಿ ಎಂದು ಈ ಕಚೇರಿಯವರು ಹೇಳಲಿಲ್ಲ. ಆಗಸ್ಟ್ ಮೂರನೆಯ ವಾರದಲ್ಲಿಯೇ ಕಾಗದಪತ್ರಗಳನ್ನು ಕಳುಹಿಸಲು ಹೇಳಿ, ಸೆಪ್ಟೆಂಬರ್ ಮುಗಿಯುವುದರೊಳಗೆ ನಾಲ್ವರ ಕೆಲಸವನ್ನೂ ಮುಗಿಸಿದರು. ಟಿಡಿಎಸ್ (ಹಣ ಕೈಗೆ ಬರುವ ಮೊದಲೇ ಕಡಿತವಾಗುವ ತೆರಿಗೆ) ಕಳೆದು ಕಟ್ಟಬೇಕಾದ ತೆರಿಗೆ ಒಂದು ಲಕ್ಷ ರೂಪಾಯಿ ಮೀರಿದ್ದರೆ ಗಡುವು ಮುಂದೆ ಹೋದರೂ ಬಡ್ಡಿ ತಪ್ಪುವುದಿಲ್ಲ ಎಂಬುದನ್ನು, ನಮಗೆ ಅದು ಅನ್ವಯಿಸದಿದ್ದರೂ, ಮೊದಲ ಕರೆಯಲ್ಲಿಯೇ ತಿಳಿಸಿದ್ದರು.

ಅವರು ಅಪ್ಪನಿಗೆ ಕೇಳಿದ ಮೊದಲ ಪ್ರಶ್ನೆ ಆ ವರ್ಷದ್ದೇ ಆಗಿರಲಿಲ್ಲ. "ಮೇಷ್ಟ್ರೇ, ಹಿಂದಿನ ವರ್ಷಗಳ ರಿಟರ್ನ್ ಎಲ್ಲ ವೆರಿಫೈ ಆಗಿದೆಯಾ?" ಎಂದರು. ಅಪ್ಪನ ಬಳಿ ಸೈಬರ್ ಸೆಂಟರ್‌ನವರು ಕೊಟ್ಟಿದ್ದ ಪ್ರಿಂಟ್‌ಗಳಿದ್ದವು, ಎಲ್ಲವೂ ಮುಗಿದಿದೆ ಎಂದೇ ನಾವೆಲ್ಲ ನಂಬಿದ್ದೆವು. ಖಾತೆ ತೆರೆದು ನೋಡಿದರೆ 2018-19ರ ಅಸೆಸ್‌ಮೆಂಟ್ ವರ್ಷದ, ಅಂದರೆ 2017-18ರ ಆದಾಯದ, ರಿಟರ್ನ್ ಸಲ್ಲಿಕೆಯಾಗಿತ್ತೇ ಹೊರತು ಅದು ತಮ್ಮದೇ ಎಂದು ಅಪ್ಪ ಖಚಿತಪಡಿಸುವ ದೃಢೀಕರಣ (ವೆರಿಫಿಕೇಶನ್) ಆಗಿರಲಿಲ್ಲ. ಅದರಲ್ಲಿ ಬರಬೇಕಿದ್ದ ಮರುಪಾವತಿ ಎರಡು ವರ್ಷಗಳಿಂದ ಹಾಗೆಯೇ ನಿಂತಿತ್ತು. 2015-16ರಿಂದ 2019-20ರವರೆಗಿನ ಅಸೆಸ್‌ಮೆಂಟ್ ವರ್ಷಗಳಲ್ಲಿ ಹೀಗೆ ದೃಢೀಕರಣವಾಗದೆ ಉಳಿದ ರಿಟರ್ನ್‌ಗಳಿಗೆ ಕೇಂದ್ರ ನೇರ ತೆರಿಗೆ ಮಂಡಳಿಯು 2020ರ ಜುಲೈನಲ್ಲಿ ಒಂದು ಬಾರಿಯ ಅವಕಾಶ ನೀಡಿ, ಸೆಪ್ಟೆಂಬರ್ 30ರವರೆಗೆ ಸಮಯ ಕೊಟ್ಟಿತ್ತು. ಆ ಪ್ರಶ್ನೆಯನ್ನು ಅವರು ಕೇಳದಿದ್ದರೆ ಆ ದಿನಾಂಕ ನಮ್ಮ ಗಮನಕ್ಕೇ ಬಾರದೆ ದಾಟಿ ಹೋಗುತ್ತಿತ್ತು. ಅಪ್ಪನ ಮೊಬೈಲಿಗೆ ಬಂದ ಆಧಾರ್ ಒಟಿಪಿಯಿಂದ ಕೆಲಸ ನಿಮಿಷಗಳಲ್ಲಿ ಮುಗಿಯಿತು, ಹಣ ಆ ವರ್ಷವೇ ಖಾತೆಗೆ ಬಂತು.

ಅಪ್ಪನ ರಿಟರ್ನ್‌ನಲ್ಲಿ ನಿಜವಾದ ವಿಷಯವೆಂದರೆ ತೋಟ. ಕೃಷಿ ಆದಾಯಕ್ಕೆ ತೆರಿಗೆಯಿಲ್ಲ, ಆದ್ದರಿಂದ ಅದನ್ನು ತೋರಿಸುವುದೇ ಬೇಡ ಎಂಬ ಮಾತು ನಮ್ಮ ಕಡೆ ಎಲ್ಲೆಡೆ ಚಾಲ್ತಿಯಲ್ಲಿದೆ. ಸೈಬರ್ ಸೆಂಟರ್‌ನವರೂ ಅದನ್ನು ಬಿಟ್ಟು, ಸರಳ ಆದಾಯದವರ ರಿಟರ್ನ್ ಫಾರಂ ಆದ ಐಟಿಆರ್-1 ತುಂಬುತ್ತಿದ್ದರು. ಕೃಷಿ ಆದಾಯ 5,000 ರೂಪಾಯಿ ಮೀರಿದರೆ ಐಟಿಆರ್-1 ಬಳಸುವಂತಿಲ್ಲ, ಹಾಗೂ ಇತರ ಆದಾಯ ತೆರಿಗೆಯ ಮಿತಿಯನ್ನು ದಾಟಿದ್ದರೆ ದರ ನಿರ್ಧರಿಸಲು ಕೃಷಿ ಆದಾಯವನ್ನೂ ಸೇರಿಸಿ ನೋಡಬೇಕು ಎಂಬುದನ್ನು ಆಡಿಟರ್ ಒಂದು ಹಾಳೆಯಲ್ಲಿ ದುಂಡು ಅಂಕಿಗಳಿಂದ ಬರೆದು ಫೋಟೋ ಕಳುಹಿಸಿದರು. ಅರವತ್ತು ದಾಟಿದವರೊಬ್ಬರಿಗೆ ಪಿಂಚಣಿ ಮತ್ತು ಬಡ್ಡಿ ಸೇರಿ ತೆರಿಗೆಗೆ ಒಳಪಡುವ ಆದಾಯ 6 ಲಕ್ಷ, ತೋಟದ ನಿವ್ವಳ ಆದಾಯ 4 ಲಕ್ಷ ಎಂದು ಇಟ್ಟುಕೊಳ್ಳಿ. ಎರಡನ್ನೂ ಸೇರಿಸಿದ 10 ಲಕ್ಷಕ್ಕೆ ಆಗಿನ ದರದಲ್ಲಿ ತೆರಿಗೆ 1,10,000. ತೋಟದ 4 ಲಕ್ಷಕ್ಕೆ ಹಿರಿಯ ನಾಗರಿಕರಿಗೆ ಆಗಿದ್ದ ವಿನಾಯಿತಿ ಮಿತಿಯಾದ 3 ಲಕ್ಷವನ್ನು ಕೂಡಿಸಿದರೆ ಬರುವ 7 ಲಕ್ಷಕ್ಕೆ ತೆರಿಗೆ 50,000. ಇವೆರಡರ ವ್ಯತ್ಯಾಸವಾದ 60,000 ರೂಪಾಯಿ ಕಟ್ಟಬೇಕಾದ ತೆರಿಗೆ, ಅದರ ಮೇಲೆ ಶೇ 4ರ ಸೆಸ್. ತೋಟವನ್ನು ಮುಚ್ಚಿಟ್ಟರೆ ಇದು 30,000 ಆಗಿ ಕಾಣುತ್ತದೆ. ಇಮ್ಮಡಿ ವ್ಯತ್ಯಾಸ ಎಲ್ಲಿಂದ ಬರುತ್ತದೆ ಎಂಬುದು ಆ ಒಂದು ಹಾಳೆಯಿಂದ ಮನೆಯವರಿಗೆಲ್ಲ ಅರ್ಥವಾಯಿತು.

ಹಾಗೆಂದು ಅವರು ತೆರಿಗೆ ಹೆಚ್ಚಿಸುವ ಲೆಕ್ಕವನ್ನಷ್ಟೇ ಹಾಕಲಿಲ್ಲ. ಮಂಡಿಯ ಪಟ್ಟಿಯಲ್ಲಿರುವ ಪೂರ್ತಿ ಮೊತ್ತ ಆದಾಯವಲ್ಲ, ಖರ್ಚು ಕಳೆದು ಉಳಿದದ್ದು ಮಾತ್ರ ಆದಾಯ ಎಂದು ಹೇಳಿ, ಕೊನೆಗಾರರ ಕೂಲಿ, ಕೊಳೆ ರೋಗಕ್ಕೆ ಹೊಡೆಸಿದ ಮೈಲುತುತ್ತ ಮತ್ತು ಸುಣ್ಣ, ಗೊಬ್ಬರ, ಸುಲಿಸಿ ಬೇಯಿಸಿ ಒಣಗಿಸಿದ ಖರ್ಚು ಹೀಗೆ ಒಂದೊಂದನ್ನಾಗಿ ಕೇಳಿ ಬರೆದುಕೊಂಡರು. ಅಡಿಕೆಯನ್ನು ಬೇಯಿಸಿ ಒಣಗಿಸಿ ಮಾರುವುದು ವ್ಯಾಪಾರವಾಗುತ್ತದೆಯೇ ಎಂಬ ಅಪ್ಪನ ಹಳೆಯ ಸಂದೇಹಕ್ಕೂ ಉತ್ತರ ಸಿಕ್ಕಿತು: ತಾನು ಬೆಳೆದದ್ದನ್ನು ಮಾರುಕಟ್ಟೆಗೆ ಒಯ್ಯುವಂತೆ ಮಾಡಲು ಬೆಳೆಗಾರ ವಾಡಿಕೆಯಂತೆ ಮಾಡುವ ಸಂಸ್ಕರಣೆ ಕೃಷಿಯ ಭಾಗವೇ. ನಿವ್ವಳ ಕೃಷಿ ಆದಾಯ 5 ಲಕ್ಷ ಮೀರಿದ ವರ್ಷಗಳಲ್ಲಿ ಜಮೀನಿನ ಜಿಲ್ಲೆ, ಪಿನ್ ಕೋಡ್, ಎಕರೆ ಲೆಕ್ಕ, ನೀರಾವರಿಯೋ ಮಳೆಯಾಶ್ರಿತವೋ ಎಂಬ ವಿವರಗಳನ್ನೂ ಕೊಡಬೇಕಾಗುತ್ತದೆ, ಆದ್ದರಿಂದ ಪಹಣಿಯನ್ನು ಕೈಗೆ ಸಿಗುವಂತೆ ಇಟ್ಟುಕೊಳ್ಳಿ ಎಂದು ಎಚ್ಚರಿಸಿದರು.

ಅಮ್ಮನ ವಿಷಯದಲ್ಲಿ ಅವರು ಕೇಳಿದ ಪ್ರಶ್ನೆ ಮನೆಯಲ್ಲಿ ಸ್ವಲ್ಪ ಹೊತ್ತು ಮೌನ ತಂದಿತು: ಈ ಠೇವಣಿಗಳ ಮೂಲ ಹಣ ಯಾರದ್ದು? ಗಂಡ ಹೆಂಡತಿಗೆ ಸುಮ್ಮನೆ ಕೊಟ್ಟ ಹಣದಿಂದ ಬರುವ ಬಡ್ಡಿ ಕಾನೂನಿನ ಪ್ರಕಾರ ಗಂಡನ ಆದಾಯಕ್ಕೆ ಸೇರುತ್ತದೆ. ಒಂದು ಠೇವಣಿ ಅಮ್ಮನಿಗೆ ತವರಿನ ಪಾಲಿನಿಂದ ಬಂದದ್ದು, ಇನ್ನೊಂದು ಅಪ್ಪನ ನಿವೃತ್ತಿಯ ಹಣದಿಂದ ಇಟ್ಟದ್ದು. ಎರಡನೆಯದರ ಬಡ್ಡಿಯನ್ನು ಅಪ್ಪನ ಲೆಕ್ಕಕ್ಕೆ ಸೇರಿಸಿದರು, ಅಪ್ಪನ ತೆರಿಗೆ ಅಷ್ಟು ಏರಿತು. ಗ್ರಾಹಕರಿಗೆ ಹಿತವಲ್ಲದ್ದನ್ನೂ ಹೀಗೆ ಬಾಯಿಬಿಟ್ಟು ಹೇಳುವವರ ಮೇಲೆ ನನಗೆ ಗೌರವ ಹೆಚ್ಚು. ನಾಳೆ ನೋಟಿಸು ಬಂದರೆ ಉತ್ತರಿಸಬೇಕಾದವರು ಎಪ್ಪತ್ತರ ಹತ್ತಿರದ ಅಪ್ಪ.

ಅಜ್ಜಿಯ ರಿಟರ್ನ್ ಸರಳವಾದದ್ದು, ಠೇವಣಿಯ ಬಡ್ಡಿಯ ಮೇಲೆ ಕಡಿತವಾದ ಟಿಡಿಎಸ್ ಮರಳಿ ಪಡೆಯುವುದಷ್ಟೇ. ಎಂಬತ್ತು ದಾಟಿದವರಿಗೆ ಆಗ 5 ಲಕ್ಷದವರೆಗೆ ತೆರಿಗೆಯಿರಲಿಲ್ಲ. ಕುಟುಂಬ ಪಿಂಚಣಿಯನ್ನು ಹಿಂದಿನ ವರ್ಷ ಸಂಬಳದಡಿ ತೋರಿಸಿ, ಸಂಬಳದಾರರಿಗೆ ಸಿಗುವ 40,000 ರೂಪಾಯಿಯ ಸ್ಟ್ಯಾಂಡರ್ಡ್ ಡಿಡಕ್ಷನ್ ಪಡೆಯಲಾಗಿತ್ತು. ಅದು ಇತರ ಮೂಲಗಳ ಆದಾಯವೆಂದೂ, ಅದಕ್ಕೆ ಆಗ ಸಿಗುತ್ತಿದ್ದ ವಿನಾಯಿತಿ ಮೂರನೆಯ ಒಂದು ಭಾಗ ಅಥವಾ 15,000 ರೂಪಾಯಿ, ಇವೆರಡರಲ್ಲಿ ಕಡಿಮೆಯದ್ದೆಂದೂ ಹೇಳಿ ಸರಿಪಡಿಸಿದರು. ಅಜ್ಜಿಯ ಆಧಾರ್‌ಗೆ ಮೊಬೈಲ್ ಸಂಖ್ಯೆ ಜೋಡಣೆಯಾಗಿರಲಿಲ್ಲ, ಆ ವಯಸ್ಸಿನವರನ್ನು ಆಧಾರ್ ಕೇಂದ್ರದ ಸಾಲಿನಲ್ಲಿ ನಿಲ್ಲಿಸುವ ಕಾಲ ಅದಾಗಿರಲಿಲ್ಲ. ಆದ್ದರಿಂದ ದೃಢೀಕರಣಕ್ಕಾಗಿ ಐಟಿಆರ್-ವಿ ಎಂಬ ಹಾಳೆಗೆ ಸಹಿ ಹಾಕಿಸಿ, ರಿಟರ್ನ್‌ಗಳನ್ನು ಪರಿಶೀಲಿಸುವ ಬೆಂಗಳೂರಿನ ಸಿಪಿಸಿ ಕೇಂದ್ರಕ್ಕೆ ಸ್ಪೀಡ್ ಪೋಸ್ಟ್‌ನಲ್ಲಿ ಕಳುಹಿಸಿದೆವು. ಅದಕ್ಕೆ 120 ದಿನಗಳ ಅವಕಾಶವಿತ್ತು, ಕೊರಿಯರ್‌ನಲ್ಲಿ ಕಳುಹಿಸುವಂತಿರಲಿಲ್ಲ. ಇದನ್ನೂ ಅವರೇ ಹೇಳಿದ್ದು.

ಇನ್ನು ಕೊರತೆಗಳು. ಪ್ಯಾನ್, ಆಧಾರ್, ಪಾಸ್‌ಬುಕ್ ಎಲ್ಲವನ್ನೂ ಕಚೇರಿಯ ಸಹಾಯಕರು ವಾಟ್ಸ್‌ಆ್ಯಪ್‌ನಲ್ಲಿಯೇ ಕೇಳಿದರು, ಜೊತೆಗೆ ಇ-ಫೈಲಿಂಗ್ ಖಾತೆಯ ಪಾಸ್‌ವರ್ಡನ್ನೂ ಕೇಳಿದರು. ಎಷ್ಟು ಜನರ ಕೈ ದಾಟುವ ಫೋನ್ ಅದು ಎಂಬುದು ನಮಗೆ ಗೊತ್ತಿರಲಿಲ್ಲ. ನಾನು ಒಪ್ಪದಿದ್ದಾಗ, ಅವರು ಸಿದ್ಧಪಡಿಸಿದ ಎಕ್ಸ್‌ಎಂಎಲ್ ಕಡತವನ್ನು ಇಮೇಲ್‌ನಲ್ಲಿ ಕಳುಹಿಸುವುದು, ನಾನು ಮನೆಯಿಂದ ಅಪ್‌ಲೋಡ್ ಮಾಡುವುದು ಎಂದಾಯಿತು. ಈ ಸುರಕ್ಷಿತ ದಾರಿ ಅವರಿಗೆ ಮೊದಲಿನಿಂದಲೂ ಗೊತ್ತಿದ್ದದ್ದೇ. ಕೇಳಿದವರಿಗೆ ಮಾತ್ರವಲ್ಲ, ಎಲ್ಲರಿಗೂ ಅದನ್ನೇ ಮೊದಲು ಹೇಳಬೇಕಿತ್ತು. ಲೆಕ್ಕದ ಹಾಳೆ ಪೂರ್ತಿ ಇಂಗ್ಲಿಷಿನಲ್ಲಿತ್ತು. ಆಡಿಟರ್ ಫೋನಿನಲ್ಲಿ ಕನ್ನಡದಲ್ಲಿ ಚೆನ್ನಾಗಿ ವಿವರಿಸುತ್ತಾರೆ ನಿಜ, ಆದರೆ ಸಹಿ ಹಾಕುವ ಅಜ್ಜಿ ಓದಬಲ್ಲ ಅರ್ಧ ಪುಟವನ್ನಾದರೂ ಕನ್ನಡದಲ್ಲಿ ಕೊಡುವುದು ಜಿಲ್ಲಾ ಕೇಂದ್ರದ ಕಚೇರಿಯೊಂದಕ್ಕೆ ಕಷ್ಟವಲ್ಲ. ಶುಲ್ಕವನ್ನು ಕೆಲಸ ಮುಗಿದ ಮೇಲಷ್ಟೇ ತಿಳಿಸಿದರು: ಅಜ್ಜಿ, ಅಮ್ಮ ಮತ್ತು ನನ್ನ ರಿಟರ್ನ್‌ಗೆ ತಲಾ 500, ಅಪ್ಪನದಕ್ಕೆ 2,000. ಮೊತ್ತ ನ್ಯಾಯವಾದದ್ದೇ, ಮೊದಲೇ ಹೇಳಿದ್ದರೆ ಇನ್ನೂ ಚೆನ್ನಾಗಿತ್ತು.

ಎರಡನೆಯ ವರ್ಷ ಕೋವಿಡ್‌ನ ಎರಡನೆಯ ಅಲೆಯಲ್ಲಿ ಕಚೇರಿ ಕೆಲವು ವಾರ ಮುಚ್ಚಿತ್ತು, 2021ರ ಜೂನ್ 7ರಂದು ಆದಾಯ ತೆರಿಗೆಯ ಹೊಸ ಪೋರ್ಟಲ್ ಬಂತು, ಗಡುವು ಡಿಸೆಂಬರ್ 31ಕ್ಕೆ ಹೋಯಿತು. ಕೆಲಸ ತಡವಾಯಿತು, ಆದರೆ ಪ್ರಶ್ನೆಗಳ ಗುಣ ಇಳಿಯಲಿಲ್ಲ. ನನಗೆ ಕೇಳಿದ್ದು, ಬೆಂಗಳೂರಿನ ಮನೆಯನ್ನು ಯಾವ ತಿಂಗಳು ಖಾಲಿ ಮಾಡಿದಿರಿ ಎಂದು. ಊರಲ್ಲಿದ್ದು ಬಾಡಿಗೆ ಕೊಡದ ತಿಂಗಳುಗಳಿಗೆ ಮನೆ ಬಾಡಿಗೆ ಭತ್ಯೆಯ ವಿನಾಯಿತಿ ಸಿಗುವುದಿಲ್ಲ. ಫಾರ್ಮ್ 16ರಲ್ಲಿ ಪೂರ್ತಿ ವರ್ಷಕ್ಕೆ ತೋರಿಸಿದ್ದನ್ನು ಅವರು ತಿದ್ದಿದರು. ಠೇವಣಿಯ ಬಡ್ಡಿಯ ಮೇಲಿನ ಟಿಡಿಎಸ್ ದರವನ್ನು 2020ರ ಮೇ 14ರಿಂದ 2021ರ ಮಾರ್ಚ್ 31ರವರೆಗೆ ಶೇ 10ರಿಂದ 7.5ಕ್ಕೆ ಇಳಿಸಲಾಗಿತ್ತು. ಇಳಿದದ್ದು ಕಡಿತವೇ ಹೊರತು ತೆರಿಗೆಯಲ್ಲ, ಆದ್ದರಿಂದ ಕೊನೆಗೆ ಅಪ್ಪ ಕಟ್ಟಬೇಕಾದ ಬಾಕಿ ಹೆಚ್ಚಾಗುತ್ತದೆ ಎಂದು ಮೊದಲೇ ತಿಳಿಸಿದ್ದರಿಂದ ಹಣ ಸಿದ್ಧವಿಟ್ಟುಕೊಳ್ಳಲು ಸಾಧ್ಯವಾಯಿತು. ಎಪ್ಪತ್ತೈದು ದಾಟಿದವರಿಗೆ ಇನ್ನು ರಿಟರ್ನ್ ಬೇಕಿಲ್ಲವಂತೆ ಎಂದು 2021ರ ಬಜೆಟ್ ಬಳಿಕ ನೆಂಟರೆಲ್ಲ ಹೇಳತೊಡಗಿದ್ದರು. ಅದು 2021-22ರ ಆದಾಯದಿಂದ ಅನ್ವಯ, ಅದೂ ಪಿಂಚಣಿ ಮತ್ತು ಬಡ್ಡಿ ಒಂದೇ ಬ್ಯಾಂಕಿನಲ್ಲಿ ಬರುವವರಿಗೆ ಮಾತ್ರ; ಅಜ್ಜಿಯ ಹಣ ಎರಡು ಬ್ಯಾಂಕುಗಳಲ್ಲಿದೆ, ಮರುಪಾವತಿ ಬೇಕೆಂದರೆ ರಿಟರ್ನ್ ಸಲ್ಲಿಸಲೇಬೇಕು ಎಂಬುದನ್ನು ಆಡಿಟರ್ ಸ್ಪಷ್ಟಪಡಿಸಿದರು.

ಸಂಬಳ ಮತ್ತು ಒಂದಿಷ್ಟು ಬಡ್ಡಿ ಬಿಟ್ಟರೆ ಬೇರೇನೂ ಇಲ್ಲದವರು ಪೋರ್ಟಲ್‌ನಲ್ಲಿ ಮೊದಲೇ ತುಂಬಿಬಂದ ಐಟಿಆರ್-1ನ್ನು, ಕಡಿತವಾದ ತೆರಿಗೆಯ ಪಟ್ಟಿಯಾದ ಫಾರ್ಮ್ 26ಎಎಸ್ ಜೊತೆ ತಾಳೆ ನೋಡಿ ತಾವೇ ಸಲ್ಲಿಸಬಹುದು, ಅದಕ್ಕೆ ಯಾರಿಗೂ ಹಣ ಕೊಡಬೇಕಿಲ್ಲ. ನನ್ನದನ್ನು ಮುಂದಿನ ವರ್ಷದಿಂದ ನಾನೇ ಸಲ್ಲಿಸುತ್ತೇನೆ. ತೋಟ, ಕುಟುಂಬ ಪಿಂಚಣಿ, ಗಂಡ ಹೆಂಡತಿಯ ನಡುವೆ ಹಂಚಿಹೋದ ಠೇವಣಿ ಇರುವ ಮನೆಯವರು ಇಂತಹ ಕಚೇರಿಗೆ ಹೋಗುವುದೇ ಲೇಸು. ಶುಲ್ಕವೆಷ್ಟೆಂದು ಮೊದಲೇ ಕೇಳಿ, ಪಾಸ್‌ವರ್ಡ್ ಕೊಡಬೇಡಿ, ದೃಢೀಕರಣವಾಗಿದೆ ಎಂದು ಪೋರ್ಟಲ್‌ನಲ್ಲಿ ಕಣ್ಣಾರೆ ನೋಡಿದ ಮೇಲೆಯೇ ಹಣ ಕೊಡಿ. ಉಳಿದ ಮೂವರ ಲೆಕ್ಕ ನಮ್ಮ ಮನೆಯಿಂದ ಇನ್ನು ಮುಂದೆಯೂ ಇವರಲ್ಲಿಗೇ ಹೋಗುತ್ತದೆ.